ಇಳಿಯುವಾಗ ತಗೊಳ್ಳಿ

ಶನಿವಾರ ಏಳೂವರೆಗೆ ಇಟ್ಟಿಗೆಗೂಡಿನ ನಮ್ಮ ಹಜಾರದಲ್ಲಿ
ಜಮಖಾನ ಹಾಸುತ್ತೇನೆ. ಮೇಜು ಬೇಡ.
ಮೇಜಿನಡಿ ಏನೇನು ನಡೆಯುತ್ತದೆಂದು
ಇಪ್ಪತ್ತೇಳು ವರ್ಷ ಸೀಟಿನಡಿ ಕೋಳಿ ಹಿಡಿದವಳಿಗೆ ಗೊತ್ತು.

ಮೈಸೂರು, ಬನ್ನೂರು, ಮಳವಳ್ಳಿ. ಅದೇ ನನ್ನ ರೂಟು.
ಮೆಷಿನ್ನು ಬಂದ ವರ್ಷ ರದ್ದಿಗೆ ಹೊರಟಿದ್ದ ಟಿಕೆಟ್ಟು
ಕೇಳಿ ತಂದಿದ್ದೆ ಒಂದು ಚೀಲ. ಈಗ ಅವೇ ನಮ್ಮ ದುಡ್ಡು:
ಗುಲಾಬಿ ಒಂದು, ಹಸಿರು ಎರಡು, ಹಳದಿ ಐದು.
ತಲೆಗೆ ಐವತ್ತು ಕೊಟ್ಟು ಹರಿಸಿಕೊಂಡು ಕೂರಬೇಕು,
ಮುಗಿದರೆ ಮುಗಿಯಿತು. ಆಮೇಲೆ ಜೇಬಿಗೆ ಕೈ ಹಾಕಿದರೆ
ವಿಷಲ್ ಊದುತ್ತೇನೆ. ನಿಜವಾಗಿ. ಹಳೇದು ಇನ್ನೂ ಇದೆ.
ಎಲೆ ಹಂಚುವುದು ನಾನು, ಆಡುವುದಿಲ್ಲ.
ಕಂಡಕ್ಟರು ಸೀಟು ಕೇಳಬಾರದು.

ಆಟ ಕಲಿಸಿದವಳು ಫಿಲೋಮಿನಾ,
ಕ್ಲಬ್ಬಿನ ಅಡುಗೆಮನೆ ಕಿಂಡಿಯಿಂದ ನೋಡಿ ಕಲಿತವಳು.
"ಕೈಗೆ ಎರಡೆಲೆ, ನಡುವೆ ಐದೆಲೆ,
ಮಿಕ್ಕಿದ್ದೆಲ್ಲ ಮುಖ" ಎಂದಳು.
ಫೋಲ್ಡ್ ಎನ್ನಲು ಯಾರ ನಾಲಿಗೆಯೂ ಹೊರಳದೆ
ಎಲೆ ಮಡಚೋದು ಅಂದೆವು.
ಉಂಡವರ ಹಾಗೆ, ತನ್ನ ಕಡೆಗೆ.
ಮಡಚಿದ್ದನ್ನು ಬಿಡಿಸಿ ನೋಡೋ ಹಾಗಿಲ್ಲ.
ಈ ಕಾನೂನು ನನ್ನದು.

ಎಣ್ಣೆ ತಿಂಡಿಯೂ ಇಲ್ಲ. ಒಮ್ಮೆ ಚಕ್ಕುಲಿ ತಿಂದ ಯಾರದೋ ಬೆರಳಿನಿಂದ
ಆಟೀನು ರಾಣಿಯನ್ನು ಎರಡು ತಿಂಗಳು
ಎಲ್ಲರೂ ಬೆನ್ನಿನಿಂದಲೇ ಗುರುತು ಹಿಡಿದರು.
ಅವತ್ತಿನಿಂದ ಒಣ ಕಡ್ಲೇಪುರಿ.
"ಜೈಲಲ್ಲೂ ಒಗ್ಗರಣೆ ಹಾಕ್ತಾರೆ ಕಣಕ್ಕ" ಅನ್ನುತ್ತಾಳೆ.

ಒಂಬತ್ತೂಕಾಲಕ್ಕೆ ಝೂ ಕಡೆಯಿಂದ ಸಿಂಹ ಕೂಗುತ್ತದೆ.
ಹೊಸಬರು ಬೆಚ್ಚಿ ಎಲೆ ತೋರಿಸಿಬಿಡುತ್ತಾರೆ.
ಅಲ್ಲೇ ಬೋನು ತೊಳೆದು ರಿಟೈರಾದ ಬೆಟ್ಟಯ್ಯ
ತಲೆ ಎತ್ತದೆ ಹೇಳುತ್ತಾನೆ: "ಹಸಿವಲ್ಲ. ಬೇಜಾರು."
ಅವನ ಮುಖ ಓದಲು ಇದುವರೆಗೆ ಯಾರಿಂದಲೂ ಆಗಿಲ್ಲ.

ಜವರಯ್ಯನದು ಉಲ್ಟಾ. ಮಂಡಿನೋವಿಗೆ ಸ್ಟೂಲಿನ ಮೇಲೆ ಕೂರುತ್ತಾನೆ,
ಒಳ್ಳೆ ಎಲೆ ಬಂದರೆ ಅವನ ಎಡ ಹಿಮ್ಮಡಿ
ಗಾರೆ ನೆಲದ ಮೇಲೆ ತಂತಿ ಕಳಿಸುತ್ತದೆ,
ಟಕ್, ಟಕಟಕ್. ಅವನಿಗೊಬ್ಬನಿಗೆ ಕೇಳಿಸುವುದಿಲ್ಲ.
ಎಲ್ಲರೂ ಮಡಚುತ್ತಾರೆ. ಅವನಿಗೆ ದಕ್ಕುವುದು
ಎರಡು ಗುಲಾಬಿ ಚೀಟಿ. ಹೀಗೇ ಹನ್ನೊಂದು ಶನಿವಾರ.

ಮೊನ್ನೆ ನಡುವೆ ಬಿದ್ದದ್ದು ಒಂಬತ್ತು, ನಾಲ್ಕು, ಮತ್ತೊಂದು ಒಂಬತ್ತು, ಗುಲಾಮ.
ಹಿಮ್ಮಡಿ ಸುಮ್ಮನಿತ್ತು. ಚೀಟಿ ಗುಡ್ಡೆಯಾಯಿತು.
ಕೊನೆಗೆ ರಾಜ ಬಿದ್ದ.
ಟಕ್, ಟಕಟಕ್. ಜವರಯ್ಯ ಇದ್ದಬದ್ದದ್ದನ್ನೆಲ್ಲ ಮುಂದೆ ತಳ್ಳಿದ.
ಬೆಟ್ಟಯ್ಯ ಮಡಚಿದ, ಫಿಲೋಮಿನಾ ಮಡಚಿ ಕಾಲು ಚಾಚಿದಳು.
ಉಳಿದವನು ಗೌಸ್ ಷರೀಫ್,
ಮಂಡಿ ಮೊಹಲ್ಲಾದಲ್ಲಿ ಟಾಂಗಾ ಕುದುರೆಗೆ ಲಾಳ ಹೊಡೆಯುವವನು,
ಕಾಲಿನ ಸದ್ದು ಕೇಳಿಯೇ ಅನ್ನ ತಿಂದವನು.
ಕೇಳಿಸಿಕೊಂಡ. ಗಡ್ಡ ಕೆರೆದ.
ಮಡಚಿದ.

ಜವರಯ್ಯ ಎರಡೂ ಕೈಯಲ್ಲಿ ಬಾಚಿಕೊಂಡ.
ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನ ಮುಖ.
ನೂರ ಮೂವತ್ತೆರಡು ರೂಪಾಯಿ. ಎಣಿಸಿ ಕೊಟ್ಟೆ.

ಎಲ್ಲರೂ ಹೋದ ಮೇಲೆ ಲೋಟ ತೆಗೆದೆ.
ಕಡೆಯ ಆಟ ಬಿದ್ದಲ್ಲೇ ಬಿದ್ದಿತ್ತು.
ಎಲೆ ಎತ್ತೋ ಜಾಣ ಅಂದರೆ ಉಂಡೋರೆಷ್ಟು ಅಂದನಂತೆ,
ನಾನೂ ಅವನ ಪೈಕಿಯೇ. ಬಿಡಿಸಿದೆ.
ಗೌಸ್ ಕೂತಿದ್ದ ಕಡೆ ಕಳಾವರ್ ಒಂಬತ್ತು, ಡೈಮನ್ ಒಂಬತ್ತು.
ನಡುವಿನವು ಸೇರಿ ನಾಲ್ಕು.

ನಿದ್ದೆ ಬಂದಿತ್ತೋ, ಕಣ್ಣು ಮಂಜಾಗಿತ್ತೋ,
ಬೆಳಿಗ್ಗೆ ಯಾವುದಾದರೂ ಕುದುರೆ ಬೇಗ ಬರುವುದಿತ್ತೋ.
ಕೇಳುವ ಹಾಗಿಲ್ಲ.
ಕೇಳಿದರೆ ನಾನು ನೋಡಿದ್ದು ಗೊತ್ತಾಗುತ್ತದೆ.

ಚಿಲ್ಲರೆ ಇಲ್ಲದ ದಿನ ಟಿಕೆಟ್ಟಿನ ಬೆನ್ನ ಮೇಲೆ ಬಾಕಿ ಗೀಚಿ
ಇಳಿಯುವಾಗ ತಗೊಳ್ಳಿ ಅನ್ನುತ್ತಿದ್ದೆ.
ಬನ್ನೂರಿನ ನೂಕುನುಗ್ಗಲಲ್ಲಿ ಮರೆತು ಇಳಿದವರುಂಟು.
ನೆನಪಿದ್ದೂ ಕೇಳದೆ ಇಳಿದವರು, ಒಬ್ಬರೋ ಇಬ್ಬರೋ.

ಝೂ ಕಡೆಯಿಂದ ಇನ್ನೊಂದು ಕೂಗು ಬಂತು.
ಹಸಿವೋ ಬೇಜಾರೋ, ಹೇಳಲು ಬೆಟ್ಟಯ್ಯ ಇರಲಿಲ್ಲ.

ಒಂದು ಹಳದಿ ಚೀಟಿ ಹರಿದು ಹಿಂದೆ ಬರೆದೆ:
ಗೌಸ್, ೧೩೨.
ಚರ್ಮದ ಚೀಲದ ಒಳಜೇಬಿಗೆ ಹಾಕಿ
ಎಲೆ ಕಲೆಸಿದೆ, ಮೂರು ಸಲ.